ಮ್ಯಾಗ್ನೆಟೊನನ್ನು ಕಟ್ಟಿದ್ದು ಯಾರು?

2017ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್: ಇನ್ಫಿನಿಟ್’ ಎಂಬ ಫೈಟಿಂಗ್ ಗೇಮನ್ನು ಹೊರತಂದಾಗ ಅದರಲ್ಲಿ ಐರನ್ ಮ್ಯಾನ್ ಇದ್ದ, ಥಾರ್ ಇದ್ದ, ಸಿನಿಮಾದಿಂದ ಮನೆಮಾತಾಗಿದ್ದ ರಾಕೆಟ್ ರಕೂನ್ ಕೂಡ ಇದ್ದ. ಎಕ್ಸ್-ಮೆನ್ ಬಳಗದವರು ಮಾತ್ರ ಒಬ್ಬರೂ ಇರಲಿಲ್ಲ. ವುಲ್ವರಿನ್, ಸ್ಟಾರ್ಮ್, ಮ್ಯಾಗ್ನೆಟೊ ಎಲ್ಲರೂ ನಾಪತ್ತೆ. ಈ ಸರಣಿ ಹುಟ್ಟಿದ್ದೇ 1994ರಲ್ಲಿ, ಎಕ್ಸ್-ಮೆನ್ ಪಾತ್ರಗಳಿಂದ. ಆ ಬಳಗದ ಸಿನಿಮಾ ಹಕ್ಕು ಆಗ ಮಾರ್ವೆಲ್‌ನ ಒಡೆಯ ಡಿಸ್ನಿಯ ಬಳಿ ಇರದೆ ಫಾಕ್ಸ್ ಕೈಯಲ್ಲಿತ್ತು. ಅದೇ ಕಾರಣವಿರಬೇಕೆಂದು ಆಟಗಾರರೆಲ್ಲ ಊಹಿಸಿದರು. ಅಸಮಾಧಾನ ಜೋರಾದಾಗ ಕ್ಯಾಪ್‌ಕಾಮ್ ಕಡೆಯವರು ಸಂದರ್ಶನವೊಂದರಲ್ಲಿ ಕೊಟ್ಟ ಸಮಜಾಯಿಷಿ ಇನ್ನೂ ಚರ್ಚೆಯಲ್ಲಿದೆ. ನಿಮಗೆ ಮ್ಯಾಗ್ನೆಟೊ ಇಷ್ಟವಾಗುವುದು ಅವನು ಗಾಳಿಯಲ್ಲಿ ಎಂಟೂ ದಿಕ್ಕಿಗೆ ನುಗ್ಗಬಲ್ಲ ಎಂಬ ಕಾರಣಕ್ಕೆ. ಅದನ್ನು ನೋವಾ ಮಾಡುತ್ತಾನೆ, ಕ್ಯಾಪ್ಟನ್ ಮಾರ್ವೆಲ್ ಮಾಡುತ್ತಾಳೆ, ಅಲ್ಟ್ರಾನ್ ಮಾಡುತ್ತಾನೆ. ಆಟದೊಳಗೆ ಪಾತ್ರ ಎಂದರೆ ಅದು ಮಾಡುವ ಕೆಲಸ ಅಷ್ಟೆ ಎಂಬುದು ಆ ವಾದದ ತಿರುಳು.

ಅಭಿಮಾನಿಗಳು ಈ ವಾದವನ್ನು ಅವಮಾನವೆಂದು ತಳ್ಳಿಹಾಕಿದರು. ನನಗೆ ಅದು ಅರ್ಧ ಸತ್ಯ ಎನಿಸುತ್ತದೆ, ಆ ಅರ್ಧವೂ ಬಹಳ ಮುಖ್ಯವಾದದ್ದು. ಕಾಮಿಕ್ಸ್ ಪಾತ್ರಗಳನ್ನಿಟ್ಟುಕೊಂಡು ಮಾಡಿದ ಫೈಟಿಂಗ್ ಗೇಮ್ ಎಂದರೆ ಜನಪ್ರಿಯ ಮುಖಗಳನ್ನು ಅಂಟಿಸಿ ಮಾರುವ ಸರಕು ಎಂಬ ಭಾವನೆ ವ್ಯಾಪಕವಾಗಿದೆ. ಟೀ ಶರ್ಟು, ಊಟದ ಡಬ್ಬಿ, ಪೆನ್ಸಿಲ್ ಪೆಟ್ಟಿಗೆಗಳ ಸಾಲಿಗೆ ಅದನ್ನೂ ಸೇರಿಸಿಬಿಡುತ್ತೇವೆ. ಈ ಸರಣಿಯ ಮೂವತ್ತು ವರ್ಷದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಕಾಗದದ ಮೇಲೆ ನಿಂತಿದ್ದ ಪಾತ್ರವೊಂದು ಚಲನೆಯ ನಿಯಮವಾಗಿ ಹೊಸದಾಗಿ ಹುಟ್ಟಿತು, ಅದನ್ನು ಆಡಿದವರ ಕೈಯಲ್ಲಿ ಬೆಳೆಯಿತು. ಹಾಗೆ ಬೆಳೆದದ್ದು ಸ್ವತಂತ್ರ ಕೃತಿ. ಅದನ್ನು ಕೃತಿಯೆಂದು ಒಪ್ಪಿದರೆ, ಪರವಾನಗಿ ಒಪ್ಪಂದದ ಅವಧಿ ಮುಗಿಯಿತೆಂದು ಅದನ್ನು ಅಂಗಡಿಯಿಂದ ಎತ್ತಿ ಮರೆಮಾಡುವ ಪದ್ಧತಿಯನ್ನು ಒಪ್ಪಲಾಗುವುದಿಲ್ಲ.

ಮೊದಲ ಆಟ ‘ಎಕ್ಸ್-ಮೆನ್: ಚಿಲ್ಡ್ರನ್ ಆಫ್ ದಿ ಆಟಮ್’. 1994ರ ಕೊನೆಯಲ್ಲಿ ಜಪಾನಿನ ಆರ್ಕೇಡ್‌ಗಳಿಗೆ ಬಂತು. ಅದಕ್ಕೆ ಮೂರು ವರ್ಷ ಮೊದಲು ಇದೇ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಜಗತ್ತಿನಾದ್ಯಂತ ಗೆದ್ದಿತ್ತು. ಆ ಆಟದ ಕಾದಾಳುಗಳು ಬಹುಪಾಲು ನೆಲದ ಮೇಲೆಯೇ ನಿಂತು, ದೂರ ಅಳೆದು ಹೊಡೆಯುವವರು. ಅದೇ ಚೌಕಟ್ಟಿಗೆ ವುಲ್ವರಿನ್‌ನ ಚಿತ್ರ ಕೂರಿಸಿದ್ದರೂ ಆಟ ಮಾರಾಟವಾಗುತ್ತಿತ್ತೇನೋ. ಕ್ಯಾಪ್‌ಕಾಮ್‌ನ ವಿನ್ಯಾಸಕಾರರು ಹಾಗೆ ಮಾಡಲಿಲ್ಲ. ಅಮೆರಿಕದ ಸೂಪರ್‌ಹೀರೊ ಕಾಮಿಕ್ಸಿನ ಪುಟದಲ್ಲಿ ಪಾತ್ರಗಳು ಒಂದು ಚೌಕದಿಂದ ಇನ್ನೊಂದಕ್ಕೆ ಹಾರುತ್ತವೆ, ಕಟ್ಟಡ ಒಡೆದು ಕೆಳಗಿನ ಮಹಡಿಗೆ ಬೀಳುತ್ತವೆ. ಆ ಅನುಭವವನ್ನು ಆಟದ ವ್ಯಾಕರಣಕ್ಕೆ ತರಬೇಕೆಂದರೆ ಅಖಾಡವೇ ಬದಲಾಗಬೇಕಿತ್ತು. ಹಾಗಾಗಿ ಪರದೆ ಮೇಲಕ್ಕೂ ಬೆಳೆಯಿತು, ಒಂದೇ ನೆಗೆತಕ್ಕೆ ಪರದೆಯಾಚೆ ಏರುವ ‘ಸೂಪರ್ ಜಂಪ್’ ಬಂತು, ಎದುರಾಳಿಯನ್ನು ಗಾಳಿಗೆ ಎಸೆದು ಅಲ್ಲೇ ಸರಣಿ ಹೊಡೆತ ಕೊಡುವ ಏರ್ ಕಾಂಬೊ ಬೆಳೆಯಿತು. ಎಕ್ಸ್-ಮೆನ್ ಪಾತ್ರಗಳು ಬಂದದ್ದರಿಂದ ಫೈಟಿಂಗ್ ಗೇಮಿನ ಜಾತಿಯೇ ಒಂದು ಹೊಸ ಕವಲೊಡೆಯಿತು. ಅಂಟಿಸಿದ ಚಿತ್ರದಿಂದ ಇಂಥದ್ದು ಆಗುವುದಿಲ್ಲ.

ಮ್ಯಾಗ್ನೆಟೊನನ್ನೇ ಹತ್ತಿರದಿಂದ ನೋಡೋಣ. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ ಖಳ ಅವನು, ಲೋಹವನ್ನು ಮನಸ್ಸಿನಿಂದ ಆಡಿಸುವವನು. ಮುಂದೆ ಕ್ರಿಸ್ ಕ್ಲೇರ್‌ಮಾಂಟ್ ಅವನಿಗೆ ನಾಜಿ ಮರಣಶಿಬಿರದಿಂದ ಬದುಕಿಬಂದ ಹಿನ್ನೆಲೆ ಕೊಟ್ಟು ದುರಂತ ನಾಯಕನ ಘನತೆ ತಂದರು. 1994ರ ಆಟದಲ್ಲಿ ಅವನು ಕೊನೆಯ ಹಂತದ ಬಾಸ್. 2000ದಲ್ಲಿ ಬಂದ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ರ ಹೊತ್ತಿಗೆ ಆಟಗಾರ ಆರಿಸಿಕೊಳ್ಳಬಹುದಾದ 56 ಪಾತ್ರಗಳಲ್ಲಿ ಒಬ್ಬ. ಅಲ್ಲಿ ಅವನ ವಿಶೇಷ ಇದು: ನೆಗೆದ ಕೂಡಲೇ ಗಾಳಿಯಲ್ಲೇ ಎಂಟರಲ್ಲಿ ಯಾವ ದಿಕ್ಕಿಗಾದರೂ ತಟ್ಟನೆ ನುಗ್ಗಬಹುದು. ಮೇಲೇಳುತ್ತಿದ್ದಂತೆಯೇ ಜಾಯ್‌ಸ್ಟಿಕ್ಕನ್ನು ಓರೆಯಾಗಿ ಕೆಳಮುಂದಕ್ಕೆ ತಳ್ಳಿ ಬಟನ್ ಒತ್ತಿದರೆ ಅವನು ತ್ರಿಕೋನದ ಎರಡು ಬದಿ ಗೀಚಿದ ಹಾಗೆ ಏರಿ ಇಳಿದು ಎದುರಾಳಿಯ ತಲೆಯ ಮೇಲೆಯೇ ಹೊಡೆಯುತ್ತಾನೆ. ಎದುರಾಳಿ ಕುಳಿತು ತಡೆದರೆ ಮೇಲಿನ ಹೊಡೆತ ಬೀಳುತ್ತದೆ, ನಿಂತು ತಡೆದರೆ ಮ್ಯಾಗ್ನೆಟೊ ನೆಗೆಯುವ ಬದಲು ಕಾಲಿಗೆ ಹೊಡೆಯುತ್ತಾನೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಇದನ್ನು ನೋಡಿ ತೀರ್ಮಾನಿಸುವಷ್ಟು ಸಮಯವೇ ಸಿಗುವುದಿಲ್ಲ, ಊಹಿಸಬೇಕು. ಊಹೆ ಒಮ್ಮೆ ತಪ್ಪಿದರೆ ಸಾಕು, ಪಳಗಿದ ಕೈಯ ಮ್ಯಾಗ್ನೆಟೊ ಆ ಒಂದು ಹೊಡೆತದಿಂದಲೇ ಎದುರಾಳಿಯ ಪಾತ್ರವನ್ನು ಮುಗಿಸಬಲ್ಲ. ಯಾರಿಗೂ ಕಟ್ಟುಬೀಳದ, ಭೂಮಿಯ ಸೆಳೆತಕ್ಕೂ ತಲೆಬಾಗದ ಅಹಂಕಾರಿಯೊಬ್ಬನನ್ನು ಕಾಮಿಕ್ಸ್ ಮಾತಿನಲ್ಲಿ ಹೇಳಿತ್ತು. ಆಟ ಅದನ್ನು ಎದುರಾಳಿಯ ಮೈಗೆ ತಟ್ಟುವಂತೆ ಮಾಡಿತು.

ಇನ್ನೂ ಸ್ಪಷ್ಟವಾದ ಉದಾಹರಣೆ 2011ರ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3’ರಲ್ಲಿ ಬರುವ ಫೀನಿಕ್ಸ್. 1980ರ ಪ್ರಸಿದ್ಧ ಕಾಮಿಕ್ಸ್ ಕಥೆಯಲ್ಲಿ ಜೀನ್ ಗ್ರೇ ಎಂಬ ಹೆಣ್ಣುಮಗಳು ತನ್ನೊಳಗಿನ ಅಪಾರ ಶಕ್ತಿಗೆ ಸೋತು ‘ಡಾರ್ಕ್ ಫೀನಿಕ್ಸ್’ ಆಗಿ, ಲೋಕಗಳನ್ನೇ ಸುಟ್ಟು, ಕೊನೆಗೆ ತಾನೇ ತನ್ನನ್ನು ಕೊನೆಗಾಣಿಸಿಕೊಳ್ಳುತ್ತಾಳೆ. ಈ ಕಥೆಯನ್ನು ಫೈಟಿಂಗ್ ಗೇಮಿನಲ್ಲಿ ಹೇಳುವುದು ಹೇಗೆ? ನಡುವೆ ಸಿನಿಮಾ ತುಣುಕು ತೋರಿಸಬಹುದಿತ್ತು. ವಿನ್ಯಾಸಕಾರರು ಅಂಕಿಯಲ್ಲಿ ಹೇಳಿದರು. ಫೀನಿಕ್ಸ್‌ಗೆ ಕೊಟ್ಟ ಪ್ರಾಣಬಲ 4,20,000, ಆಟದಲ್ಲೇ ಅತಿ ಕಡಿಮೆ. ಥಾರ್‌ಗೆ ಇರುವುದು 12,50,000. ಎರಡು ಸರಿಯಾದ ಹೊಡೆತ ಬಿದ್ದರೆ ಅವಳ ಕಥೆ ಮುಗಿಯಿತು. ಆದರೆ ಅವಳು ಬೀಳುವ ಹೊತ್ತಿಗೆ ಅವಳಿರುವ ಮೂವರ ತಂಡದ, ದೊಡ್ಡ ಹೊಡೆತಗಳಿಗೆ ಖರ್ಚಾಗುವ ‘ಹೈಪರ್ ಮೀಟರ್’ ಐದೂ ಹಂತ ತುಂಬಿದ್ದರೆ ಅವಳು ಸಾಯುವುದಿಲ್ಲ. ಡಾರ್ಕ್ ಫೀನಿಕ್ಸ್ ಆಗಿ ಎದ್ದು ನಿಲ್ಲುತ್ತಾಳೆ, ಪರದೆ ತುಂಬ ಬೆಂಕಿ ಹಾರಿಸುತ್ತಾಳೆ. ಜೊತೆಗೆ ಆ ಕ್ಷಣದಿಂದ ಅವಳ ಪ್ರಾಣಬಲ ಯಾರೂ ಹೊಡೆಯದಿದ್ದರೂ ತಾನಾಗಿಯೇ ಕರಗುತ್ತ ಹೋಗುತ್ತದೆ.

ಇದರಿಂದ ಆಟದೊಳಗೆ ಹುಟ್ಟುವ ನಾಟಕವನ್ನು ಗಮನಿಸಬೇಕು. ಫೀನಿಕ್ಸ್ ಇರುವ ತಂಡದ ಉಳಿದಿಬ್ಬರು ಮೀಟರ್ ಖರ್ಚು ಮಾಡುವಂತಿಲ್ಲ. ತಮ್ಮ ದೊಡ್ಡ ಆಯುಧಗಳನ್ನೆಲ್ಲ ಬಿಟ್ಟುಕೊಟ್ಟು, ಬರಿಗೈಯಲ್ಲಿ ಕಾದಾಡಿ, ಅವಳಿಗಾಗಿ ಕೂಡಿಡಬೇಕು. ಎದುರಾಳಿಗೆ ಇದು ಗೊತ್ತು. ಅವನು ಮೀಟರ್ ತುಂಬುವ ಮೊದಲೇ ಅವಳನ್ನು ಬಲವಂತವಾಗಿ ಅಖಾಡಕ್ಕೆ ಎಳೆತಂದು ಕೊಲ್ಲಲು ನೋಡುತ್ತಾನೆ. ಐದನೇ ಹಂತ ತುಂಬಿದ ಕ್ಷಣ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹೊಡೆಯಬೇಕಾದವನೇ ಹೊಡೆಯಲು ಹೆದರುತ್ತಾನೆ. ಜೀನ್ ಗ್ರೇ ಬಗ್ಗೆ ಅವಳ ಗೆಳೆಯರಿಗೆ ಇದ್ದ ಭಯ ಇದೇ. ಕಾಮಿಕ್ಸ್ ಓದಿಯೇ ಇರದ ಹುಡುಗನಿಗೂ ಎರಡು ಪಂದ್ಯದಲ್ಲಿ ಈ ಭಯ ಅರ್ಥವಾಗುತ್ತದೆ. 2011ರಲ್ಲೇ ಲಾಸ್ ವೇಗಸ್‌ನಲ್ಲಿ ನಡೆದ ಫೈಟಿಂಗ್ ಗೇಮ್‌ಗಳ ಇವೊ ಪಂದ್ಯಾವಳಿಯಲ್ಲಿ ಗೆದ್ದ ತಂಡದ ಮೂರನೇ ಸ್ಥಾನದಲ್ಲಿದ್ದವಳು ಫೀನಿಕ್ಸ್. ಅವಳ ಮುಂದೆ ನಿಂತು ಮೀಟರ್ ಕೂಡಿಸಿದವರು ಕ್ಯಾಪ್‌ಕಾಮ್ ಕಡೆಯ ವೆಸ್ಕರ್ ಮತ್ತು ಕುಸ್ತಿಪಟು ಮೇಯರ್ ಹ್ಯಾಗರ್. ಯಾವ ಕಾಮಿಕ್ಸಿನಲ್ಲೂ ಇಲ್ಲದ ಈ ಬಳಗ ಪಂದ್ಯದ ತರ್ಕದಿಂದ ಮಾತ್ರ ಹುಟ್ಟಬಲ್ಲದು.

ಡಿಸಿ ಪಾತ್ರಗಳ ಆಟಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಷಿಕಾಗೊದ ನೆದರ್‌ರೆಲ್ಮ್ ಸ್ಟುಡಿಯೊ 2013ರಲ್ಲಿ ತಂದ ‘ಇನ್‌ಜಸ್ಟಿಸ್: ಗಾಡ್ಸ್ ಅಮಂಗ್ ಅಸ್’ ಒಳ್ಳೆಯ ಆಟ. ಜೋಕರ್‌ನ ಕುತಂತ್ರದಿಂದ ಹೆಂಡತಿಯನ್ನೂ ನಗರವನ್ನೂ ಕಳೆದುಕೊಂಡ ಸೂಪರ್‌ಮ್ಯಾನ್ ಸರ್ವಾಧಿಕಾರಿಯಾಗುವ ಅದರ ಕಥೆಯನ್ನು ಟಾಮ್ ಟೇಲರ್ ಕಾಮಿಕ್ಸಿನಲ್ಲೂ ಬೆಳೆಸಿದರು, ಅದು ಆಟದಷ್ಟೇ ಹೆಸರು ಮಾಡಿತು. ಅಲ್ಲಿ ಒಂದು ತೊಡಕಿತ್ತು: ಉಕ್ಕಿನ ಮೈಯ ಸೂಪರ್‌ಮ್ಯಾನ್ ಎದುರು ಮನುಷ್ಯಮಾತ್ರದವರು ಒಂದು ಹೊಡೆತವಾದರೂ ತಾಳುವುದು ಹೇಗೆ? ಕಥೆಗಾರರು ಬಲ ಹೆಚ್ಚಿಸುವ ಮಾತ್ರೆಯೊಂದನ್ನು ಕಲ್ಪಿಸಿ ಉತ್ತರ ಕೊಟ್ಟರು. ಕ್ಯಾಪ್‌ಕಾಮ್ ಇಂಥ ವಿವರಣೆಯ ಗೋಜಿಗೇ ಹೋಗಲಿಲ್ಲ. ಅಲ್ಲಿ ಹಲ್ಕ್ ಬಲಿಷ್ಠ, ಆದರೆ ದೊಡ್ಡ ಮೈ, ಸುಲಭದ ಗುರಿ. ಸ್ಪೈಡರ್‌ಮ್ಯಾನ್‌ನ ಒಂದೊಂದು ಹೊಡೆತ ಹಗುರ, ಆದರೆ ಕೈಗೆ ಸಿಗುವುದಿಲ್ಲ. ಕಥೆ ಹೇಳಿ ನಂಬಿಸಬೇಕಾದದ್ದನ್ನು ನಿಯಮವೇ ನಂಬಿಸಿಬಿಡುತ್ತದೆ. ಎರಡೂ ದಾರಿಗಳಿಗೆ ಬೆಲೆ ಇದೆ. ಆಟ ಎಂಬ ಮಾಧ್ಯಮಕ್ಕೆ ಮಾತ್ರ ಸಾಧ್ಯವಾದದ್ದು ಎರಡನೆಯದು ಎಂದು ನನ್ನ ಅಭಿಪ್ರಾಯ.

ಇದಕ್ಕೆ ಆಕ್ಷೇಪಗಳಿವೆ, ಗಂಭೀರವಾದವೇ ಇವೆ. ಮೊದಲನೆಯದು: ಪಾತ್ರ ಕಟ್ಟಿದವರು ಲೀ, ಕರ್ಬಿ, ಕ್ಲೇರ್‌ಮಾಂಟ್‌ರಂಥವರು, ಸ್ಟಾರ್ಮ್‌ಳನ್ನು 1975ರಲ್ಲಿ ರೂಪಿಸಿದವರು ಲೆನ್ ವೈನ್ ಮತ್ತು ಡೇವ್ ಕಾಕ್ರಮ್. ಆಟ ಮಾಡಿದವರು ಎರವಲು ತಂದವರು. ಎರವಲು ತಂದವರಿಗೆ ಸ್ವಂತಿಕೆಯ ಮಾತೇಕೆ? ಕರಾವಳಿ, ಮಲೆನಾಡಿನ ತಾಳಮದ್ದಳೆ ಬಲ್ಲವರಿಗೆ ಇದರ ಉತ್ತರ ಹೊಸದಲ್ಲ. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು, ಕರ್ಣ ಯಾರೆಂದು ಕೇಳಲು ಕೂತ ಎಲ್ಲರಿಗೂ ಗೊತ್ತು. ಆದರೂ ಒಬ್ಬ ಅರ್ಥಧಾರಿಯ ಕರ್ಣ ಇನ್ನೊಬ್ಬರ ಕರ್ಣನಾಗುವುದಿಲ್ಲ, ಊರಿನವರು ಹತ್ತಾರು ವರ್ಷ ನೆನಪಿಡುವುದು ಆ ನಿರ್ದಿಷ್ಟ ಕರ್ಣನನ್ನೇ. ಮೂಲದ ಋಣ ಇರುವುದರಿಂದ ಮರುಸೃಷ್ಟಿಯ ಬೆಲೆ ಕುಗ್ಗುವುದಿಲ್ಲ. ಸಾಲ ಒಂದೇ ಕಡೆಯದೂ ಅಲ್ಲ. ಶೂಮಾ-ಗೊರಾತ್ ಎಂಬ ಒಂಟಿಕಣ್ಣಿನ, ಬಾಹುಗಳೇ ಮೈಯಾದ ರಾಕ್ಷಸ ಕಾಮಿಕ್ಸಿಗೆ ಬಂದದ್ದು 1970ರ ದಶಕದಲ್ಲಿ, ಡಾಕ್ಟರ್ ಸ್ಟ್ರೇಂಜ್ ಕಥೆಗಳ ಮೂಲಕ. ಕಟ್ಟಾ ಓದುಗರಾಚೆ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕ್ಯಾಪ್‌ಕಾಮ್ 1995ರ ‘ಮಾರ್ವೆಲ್ ಸೂಪರ್ ಹೀರೋಸ್’ ಆಟಕ್ಕೆ ಅವನನ್ನು ಆರಿಸಿಕೊಂಡು, ಸುರುಳಿಸುತ್ತಿ ಉರುಳುವ ವಿಚಿತ್ರ ಚಲನೆ ಕೊಟ್ಟಿತು. ಇವತ್ತು ಆ ಹೆಸರು ಕೇಳಿ ಕಣ್ಣರಳಿಸುವವರಲ್ಲಿ ಹಲವರು ಆಟದಿಂದ ಅವನನ್ನು ಬಲ್ಲವರು.

ಎರಡನೆಯ ಆಕ್ಷೇಪ ಆಟ ಬಲ್ಲವರಿಂದಲೇ ಬರುತ್ತದೆ. ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ರಲ್ಲಿ 56 ಪಾತ್ರ ಎಂದು ಹೆಮ್ಮೆಪಡುತ್ತೀರಿ, ದೊಡ್ಡ ಪಂದ್ಯಗಳಲ್ಲಿ ಕಾಣುವುದು ಮ್ಯಾಗ್ನೆಟೊ, ಸ್ಟಾರ್ಮ್, ಸೆಂಟಿನೆಲ್, ಕೇಬಲ್, ಬೆಂಬಲಕ್ಕೆ ಇನ್ನು ಕೆಲವರು, ಉಳಿದವರೆಲ್ಲ ಲೆಕ್ಕಕ್ಕುಂಟು ಆಟಕ್ಕಿಲ್ಲ. ಇಂಥ ಅಸಮತೋಲವನ್ನು ಕಲೆ ಎನ್ನುವುದೇ? ಅಸಮತೋಲ ಇದೆ, ಅದು ದೋಷವೇ. ಆದರೆ ಆ ದೋಷದ ಜಾಡು ಹಿಡಿದು ಹೋದರೆ ನನ್ನ ವಾದಕ್ಕೆ ಬೇಕಾದ ಬಲವಾದ ಸಾಕ್ಷ್ಯ ಸಿಗುತ್ತದೆ. ಯಾರು ಮೇಲು ಎಂದು ಕಂಪನಿ ತೀರ್ಮಾನಿಸಿರಲಿಲ್ಲ. ಮೊದಲ ವರ್ಷಗಳಲ್ಲಿ ಗಾಳಿಯಿಂದಲೇ ದೊಡ್ಡ ಕಿರಣ ಹಾರಿಸುವ ಕೇಬಲ್‌ನ ಹವಾ ಜೋರಾಗಿತ್ತು. ಮ್ಯಾಗ್ನೆಟೊನ ಪೂರ್ತಿ ಸಾಮರ್ಥ್ಯ ಬೆರಳಿಗೆ ಒಗ್ಗಲು ಆಟಗಾರರಿಗೆ ವರ್ಷಗಳೇ ಹಿಡಿದವು. ಕ್ಯಾಪ್ಟನ್ ಕಮಾಂಡೊ, ಸೈಲಾಕ್, ಸೈಕ್ಲಾಪ್ಸ್ ಮುಂತಾದವರನ್ನು ಕರೆದ ಕೂಡಲೇ ಬಂದು ನೆಗೆಯುವವನನ್ನು ಹೊಡೆದುರುಳಿಸುವ ‘ಅಸಿಸ್ಟ್’ಗಾಗಿಯೇ ತಂಡಕ್ಕೆ ಸೇರಿಸಿಕೊಳ್ಳಬಹುದೆಂದು ಕಂಡುಕೊಂಡದ್ದೂ ಅವರೇ. ಸೆಂಟಿನೆಲ್ ಕಥೆಯಂತೂ ಸೋಜಿಗದ್ದು. ಕಾಮಿಕ್ಸಿನಲ್ಲಿ ಸೆಂಟಿನೆಲ್ ಎಂದರೆ ಕಾರ್ಖಾನೆಯಲ್ಲಿ ರಾಶಿ ರಾಶಿ ತಯಾರಾಗುವ ಹೆಸರಿಲ್ಲದ ಯಂತ್ರಮಾನವ. ನಾಯಕರ ಶೌರ್ಯ ತೋರಿಸಲು ಡಜನ್‌ಗಟ್ಟಲೆ ನುಚ್ಚುನೂರಾಗುವ ಸೇವಕ. ಆಟದಲ್ಲಿ ಅದು ಭಾರಿ ಮೈಯ ದೊಡ್ಡ ಗುರಿ. ಆದರೆ ಹಾರುವುದನ್ನು ಶುರು ಮಾಡಿ, ನಿಲ್ಲಿಸಿ, ಮತ್ತೆ ಶುರು ಮಾಡುವ ಕ್ರಮವನ್ನು ಕ್ಷಣಾರ್ಧದಲ್ಲಿ ಜೋಡಿಸಿದರೆ ಆ ಗುಡ್ಡದಂಥ ಮೈಯೂ ಎಡೆಬಿಡದೆ ಹೊಡೆಯಬಲ್ಲದು ಎಂದು ಆಟಗಾರರು ತೋರಿಸಿಕೊಟ್ಟರು. ನ್ಯೂಯಾರ್ಕಿನ ಜಸ್ಟಿನ್ ವಾಂಗ್ 2002ರಿಂದ 2010ರ ನಡುವೆ ಇವೊದಲ್ಲಿ ಈ ಆಟವನ್ನು ಮತ್ತೆ ಮತ್ತೆ ಗೆದ್ದ ಕಾಲದಲ್ಲಿ ಸ್ಟಾರ್ಮ್, ಸೆಂಟಿನೆಲ್ ಎಂಬ ಹೆಸರುಗಳಿಗೆ ಬಂದ ಅರ್ಥ ಮಾರ್ವೆಲ್ ಕಚೇರಿಯಲ್ಲಿ ಕೂತು ಯಾರೂ ಬರೆದದ್ದಲ್ಲ.

ಫೈಟಿಂಗ್ ಗೇಮ್ ಎಂದ ಕೂಡಲೇ ಹಿಂಸೆಯ ಮಾತು ಬಂದೇ ಬರುತ್ತದೆ. 1993ರಲ್ಲಿ ಅಮೆರಿಕದ ಸೆನೆಟ್ ವಿಡಿಯೊ ಗೇಮ್ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿತು, ಮರುವರ್ಷವೇ ವಯಸ್ಸಿಗೆ ತಕ್ಕ ದರ್ಜೆ ನೀಡುವ ಮಂಡಳಿ ಬಂತು. ಆ ಗಲಾಟೆಗೆ ಮುಖ್ಯ ಕಾರಣ ರಕ್ತ ಚೆಲ್ಲುವ ‘ಮಾರ್ಟಲ್ ಕಾಂಬ್ಯಾಟ್’. ಕ್ಯಾಪ್‌ಕಾಮ್‌ನ ಮಾರ್ವೆಲ್ ಆಟಗಳಲ್ಲಿ ಸೋತವರು ನೆಲಕ್ಕೆ ಬೀಳುತ್ತಾರೆ, ಅಷ್ಟೆ. ಇಲ್ಲಿನ ವಿಷಯಕ್ಕೆ ಇಷ್ಟು ಸಾಕು.

ಈಗ ಕ್ಯಾಪ್‌ಕಾಮ್‌ನ ಆ ಅರ್ಧ ಸತ್ಯಕ್ಕೆ ಮರಳಿ ಬರಬೇಕು. ಪಾತ್ರ ಎಂದರೆ ಅದು ಮಾಡುವ ಕೆಲಸ ಎಂದವರು ಆಟದ ಒಂದು ಮರ್ಮ ಹಿಡಿದಿದ್ದರು. ಅವರಿಗೆ ಕಾಣದೆ ಹೋದದ್ದು, ಆ ಕೆಲಸವೂ ಆ ಹೆಸರೂ ಇಪ್ಪತ್ತಮೂರು ವರ್ಷದಲ್ಲಿ ಒಂದಕ್ಕೊಂದು ಬೆಸೆದುಕೊಂಡದ್ದು. ಎಂಟು ದಿಕ್ಕಿನ ನುಗ್ಗಾಟ ನೋವಾನಲ್ಲಿ ಇದ್ದರೂ ಅದರ ಹಿಂದೆ ಸಾವಿರಾರು ಪಂದ್ಯಗಳ ನೆನಪಿಲ್ಲ, ಬಟನ್ ಮೇಲೆ ಕೈಯಿಟ್ಟವನಿಗೆ ನಾನು ಮ್ಯಾಗ್ನೆಟೊ ಎಂಬ ಠೀವಿ ಬರುವುದಿಲ್ಲ. ‘ಇನ್ಫಿನಿಟ್’ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ, ಮರುವರ್ಷದ ಇವೊ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಎಕ್ಸ್-ಮೆನ್ ಇಲ್ಲದ್ದೊಂದೇ ಕಾರಣ ಎಂದರೆ ಅನ್ಯಾಯವಾದೀತು. ಮುಖಗಳ ಚಿತ್ರಣ ಪೇಲವವಾಗಿತ್ತು, ಅದರ ಬಗ್ಗೆ ಟೀಕೆ ಬಿಡುಗಡೆಗೆ ಮೊದಲೇ ಶುರುವಾಗಿತ್ತು. ಕೈಯಾಡಿಸಿದವರು ಆಟದ ಒಳಗಿನ ಯಂತ್ರ ಚೆನ್ನಾಗಿದೆ ಎಂದೇ ಹೇಳಿದರು. ಅದರಿಂದಲೇ ಈ ಪ್ರಸಂಗ ಮುಖ್ಯವಾಗುವುದು: ನಿಯಮ ಚೆನ್ನಾಗಿದ್ದೂ ಪಾತ್ರಗಳ ನಂಟು ಕಡಿದರೆ ಆಟ ಸೊರಗುತ್ತದೆ.

ಈ ನಂಟನ್ನು ಕಡಿಯುವ ಕತ್ತರಿ ಪರವಾನಗಿ ಒಪ್ಪಂದದ ಕೈಯಲ್ಲಿದೆ. ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ 2009ರಲ್ಲಿ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳ ಆನ್‌ಲೈನ್ ಅಂಗಡಿಗೆ ಬಂತು. 2013ರ ಡಿಸೆಂಬರ್‌ನಲ್ಲಿ, ಒಪ್ಪಂದ ಮುಗಿಯಿತೆಂದು, ಹೊರಟುಹೋಯಿತು. ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಹೊಸಬನೊಬ್ಬ ಈ ಆಟವನ್ನು ನ್ಯಾಯವಾಗಿ ಹಣ ಕೊಟ್ಟು ಆಡಬೇಕೆಂದರೆ ಹೆಚ್ಚಾಗಿ ಹಳೆಯ ಯಂತ್ರ, ಹಳೆಯ ಡಿಸ್ಕು ಹುಡುಕಬೇಕಿತ್ತು. ಆಟವನ್ನು ಉಳಿಸಿದವರು ಅಭಿಮಾನಿಗಳು, ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್‌ ತಂತ್ರಾಂಶಗಳ ಮೂಲಕ. ಆಟವನ್ನು ಮರಳಿ ತರಬೇಕೆಂದು 2021ರಲ್ಲಿ ಅವರೇ ಅಭಿಯಾನ ಹೂಡಿದರು. 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಪ್‌ಕಾಮ್ ಏಳು ಹಳೆಯ ಮಾರ್ವೆಲ್ ಆಟಗಳ ಸಂಗ್ರಹವನ್ನು ಹೊರತಂದಾಗ ಎಕ್ಸ್-ಮೆನ್ ಮೊದಲ ಆಟದ ಜೊತೆಗೆ ಇದೂ ಮರಳಿತು. 2025ರ ಇವೊ ವೇದಿಕೆಗೂ ಆಹ್ವಾನ ಬಂತು, ಇಪ್ಪತ್ತೈದು ವರ್ಷದ ಹಿಂದಿನ ಆಟಕ್ಕೆ. ನಡುವಿನ ದಶಕದಲ್ಲಿ ಅದಕ್ಕೆ ಬೆಲೆ ಇರಲಿಲ್ಲವೆಂದು ಯಾರೂ ಹೇಳಲಾರರು.

ಕಂಪನಿಗಳ ಪರ ವಾದ ನೇರವಾಗಿದೆ. ಪಾತ್ರಗಳು ಅವುಗಳ ಆಸ್ತಿ. 1996ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ಮಾರ್ವೆಲ್ ಮತ್ತೆ ಎದ್ದು ನಿಂತದ್ದರಲ್ಲಿ ಈ ಪಾತ್ರಗಳ ಹಕ್ಕಿನ ಪಾಲು ದೊಡ್ಡದು. ಹಕ್ಕನ್ನು ಅವಧಿ ಹಾಕಿ ಕೊಡುವುದು, ಅವಧಿ ಮುಗಿದ ಮೇಲೆ ಹೊಸ ಬೆಲೆ ಕಟ್ಟುವುದು ವ್ಯಾಪಾರದ ಸಹಜ ರೀತಿ. ಸತ್ತಂತಿರುವ ಹಳೆಯ ಆಟಕ್ಕಾಗಿ ಯಾರೂ ಹೊಸ ಆಟದ ಮಾತುಕತೆಯನ್ನು ಪಣಕ್ಕಿಡಬೇಕಿಲ್ಲ. ಈ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಹೊಸ ಆಟ ಮಾಡಲು ಹೊಸ ಪರವಾನಗಿ ಬೇಕು, ಸರಿ. ಆದರೆ ಮುಗಿಸಿ ಜನರ ಮುಂದಿಟ್ಟ ಕೃತಿಯ ಮಾರಾಟಕ್ಕೂ ಅದೇ ಗಡಿಯಾರ ಕಟ್ಟುವುದೇಕೆ? ಲಾಭದ ಪಾಲು ಹಂಚಿಕೊಳ್ಳುತ್ತ, ಮಾಡಿಟ್ಟ ರೂಪದಲ್ಲೇ ಅದನ್ನು ಮಾರುತ್ತಿರಲು ಮೊದಲ ಒಪ್ಪಂದದಲ್ಲೇ ಒಂದು ಸಾಲು ಸೇರಿಸಿದರೆ ಯಾವ ಪಕ್ಷಕ್ಕೂ ನಷ್ಟವಿಲ್ಲ. ಸಮಸ್ಯೆ ಒಂದು ಸರಣಿಯದೂ ಅಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಗ್ರಂಥಾಲಯಗಳು ತಮ್ಮಲ್ಲಿರುವ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಕೊಡಬೇಕೆಂಬ ಬೇಡಿಕೆಯನ್ನು ಅಲ್ಲಿನ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು. ಪುಸ್ತಕದ ಮಟ್ಟಿಗೆ ನಮಗೆ ಇಂಥ ತೀರ್ಪು ಊಹಿಸಿಕೊಳ್ಳಲೂ ಕಷ್ಟ.

2025ರ ಜೂನ್‌ನಲ್ಲಿ ಸೋನಿ ‘ಮಾರ್ವೆಲ್ ಟೋಕೊನ್: ಫೈಟಿಂಗ್ ಸೋಲ್ಸ್’ ಎಂಬ ಹೊಸ ಆಟವನ್ನು 2026ಕ್ಕೆಂದು ಘೋಷಿಸಿತು. ಈ ಸಲ ಕ್ಯಾಪ್‌ಕಾಮ್ ಇಲ್ಲ. ಮಾಡುತ್ತಿರುವುದು ಜಪಾನಿನದೇ ಆದ ಆರ್ಕ್ ಸಿಸ್ಟಮ್ ವರ್ಕ್ಸ್, ನಾಲ್ಕು ನಾಲ್ಕು ಜನರ ತಂಡಗಳ ಕಾದಾಟ. ಮೊದಲ ಟ್ರೈಲರ್‌ನಲ್ಲೇ ಸ್ಟಾರ್ಮ್ ಕಾಣಿಸಿಕೊಂಡಳು. ಅವಳ ಗಾಳಿ, ಮಿಂಚು, ಹಾರಾಟ ಯಾವ ನಿಯಮದ ಮೇಲೆ ನಿಲ್ಲಬೇಕೆಂದು ಆ ಸ್ಟುಡಿಯೊ ತನ್ನದೇ ದಾರಿ ಹುಡುಕಬೇಕು, ಹುಡುಕಲಿ. ಆದರೆ ಹೊಸ ಸ್ಟಾರ್ಮ್‌ಳನ್ನು ಅಳೆಯಬೇಕಾದರೆ 2000ದ ಸ್ಟಾರ್ಮ್ ಪಕ್ಕದಲ್ಲಿರಬೇಕು, ಪರದೆಯ ತುದಿಯಿಂದ ತುದಿಗೆ ಗಾಳಿಯಲ್ಲೇ ಓಡಿ ಎದುರಾಳಿಯನ್ನು ಸತಾಯಿಸಿ ಗೆಲ್ಲುತ್ತಿದ್ದ ಆ ಸ್ಟಾರ್ಮ್. ಇವತ್ತು ಹದಿನೈದರ ಹುಡುಗಿಯೊಬ್ಬಳು ಹಣ ಕೊಟ್ಟು ಅವಳನ್ನು ಆಡಬಹುದು. ಹತ್ತು ವರ್ಷದ ಮೇಲೂ ಆಡಬಹುದೇ ಎಂಬುದು 2024ರ ಸಂಗ್ರಹದ ಒಪ್ಪಂದಕ್ಕೆ ಎಷ್ಟು ವರ್ಷದ ಅವಧಿ ಹಾಕಿದ್ದಾರೆ ಎಂಬುದರ ಮೇಲೆ ನಿಂತಿದೆ, ಆ ಅವಧಿಯನ್ನು ಕ್ಯಾಪ್‌ಕಾಮ್, ಮಾರ್ವೆಲ್ ಎರಡೂ ಕಂಪನಿಗಳು ಆಟಗಾರರ ಮುಂದೆ ಬಹಿರಂಗವಾಗಿ ಇಡಬೇಕು.